ನೀಲಿ ಬೆರಳಿನ ನಿಂಗವ್ವ

ನಿಂಗವ್ವನ ಎಡಗೈಯ ತೋರುಬೆರಳು ನೀಲಿಯಾಗಿತ್ತು. ಉಗುರಿನ ತುದಿಯಿಂದ ಎರಡನೆಯ ಗೆಣ್ಣಿನವರೆಗೆ ನೇರಳೆ ಹಣ್ಣು ಹಿಸುಕಿದಂಥ ಬಣ್ಣ. ನಾವು ನೆರೆಹೊರೆಯಾಗಿದ್ದ ಐದು ವರ್ಷಗಳಲ್ಲಿ ಆ ಬಣ್ಣ ಒಮ್ಮೆ ಗಾಢವಾಗುತ್ತಿತ್ತು, ಒಮ್ಮೆ ತಿಳಿಯಾಗುತ್ತಿತ್ತು. ಪೂರ್ತಿ ಹೋದದ್ದನ್ನು ನಾನು ನೋಡಲಿಲ್ಲ. ಆಕೆ ಎಡಚಿ. ದನದ ದವಾಖಾನೆಯಿಂದ ಸಣ್ಣ ಸೀಸೆಯಲ್ಲಿ ತಂದಿಟ್ಟುಕೊಂಡ ನೀಲಿ ಔಷಧಿಯನ್ನು ಆ ಬೆರಳಿನಿಂದಲೇ ಕೋಳಿಗಳ ಗಾಯಕ್ಕೆ ಹಚ್ಚುತ್ತಿದ್ದಳು. ಅವಳ ಕೋಳಿಗಳಿಗಷ್ಟೇ ಅಲ್ಲ, ನಮ್ಮ ಓಣಿ ಮತ್ತು ಹಿಂದಿನ ಓಣಿಯ ಎಲ್ಲ ಕೋಳಿಗಳಿಗೂ ಅದೇ ಬೆರಳು.

ಒಂದು ಚುನಾವಣೆಯ ದಿನ ಆ ಬೆರಳು ತೊಂದರೆ ತಂದಿತು. ಸಾಲಿನಲ್ಲಿ ನಿಂಗವ್ವ ನನ್ನ ಮುಂದಿದ್ದಳು. ಮಸಿ ಹಚ್ಚುವ ಮೇಜಿನ ಹಿಂದೆ ಕುಳಿತಿದ್ದ ಯುವಕ ಅವಳ ಕೈ ನೋಡಿ ಬ್ರಶ್ಶನ್ನು ಸೀಸೆಯಲ್ಲೇ ಬಿಟ್ಟ.

"ಅಜ್ಜಿ, ಆಗಳೇ ಹಾಕಿ ಬಂದೀಯಲ್ಲ. ಮತ್ತ ಯಾಕ ಬಂದಿ?"

"ಇದು ವೋಟಿನ ಮಸಿ ಅಲ್ಲೋ ಯಪ್ಪಾ. ಕೋಳಿ ಔಷಧ."

"ಎಲ್ಲಾರೂ ಹಿಂಗ ಹೇಳ್ತಾರ."

"ಎಲ್ಲಾರ ಮನ್ಯಾಗೂ ಕೋಳಿ ಅದಾವೇನು?"

ಸಾಲಿನಲ್ಲಿದ್ದವರು ನಕ್ಕರು. ಪಟ್ಟಿ ತೆಗೆದು ನೋಡಿ ಎಂದು ನಾನು ಹೇಳಿದೆ. ನೋಡಿದರು. ಹೆಸರಿನ ಮುಂದೆ ಗುರುತು ಬಿದ್ದಿರಲಿಲ್ಲ. ಕೊನೆಗೆ ಪಕ್ಕದ ಬೆರಳಿಗೆ ಮಸಿ ಹಚ್ಚಿ ಒಳಗೆ ಬಿಟ್ಟರು. ಹೊರಗೆ ಬಂದವಳು ಎರಡೂ ಬೆರಳುಗಳನ್ನು ಬಿಸಿಲಿಗೆ ಹಿಡಿದು ಹೋಲಿಸಿ ನೋಡಿದಳು. "ಇದು ಚಲೋ ಹಿಡದದ ನೋಡ್ರಿ ಸಿಸ್ಟರಮ್ಮಾ. ನಮ್ಮ ದನದ ಡಾಕ್ಟರ್‌ಗಿ ಇದನ್ನಽ ಕೊಡಾಕ ಹೇಳಬೇಕು" ಎಂದಳು.

ಸಿಸ್ಟರಮ್ಮ ಎಂದರೆ ನಾನು. ಮೂವತ್ತು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದೆ. ಹೆಚ್ಚಿನ ಕಾಲ ಮಾನ್ವಿಯಲ್ಲಿ ಕಳೆಯಿತು. ನಿವೃತ್ತಿಯಾದ ಮೇಲೆ ಯಜಮಾನರ ಊರಾದ ದೇವದುರ್ಗಕ್ಕೆ ಬಂದೆವು. ನಮ್ಮ ಹಿತ್ತಲಿಗೂ ನಿಂಗವ್ವನ ಹಿತ್ತಲಿಗೂ ನಡುವೆ ಎದೆಮಟ್ಟದ ಕಲ್ಲಿನ ಗೋಡೆ. ಕೆಳಗೆ ಒಂದು ಕಲ್ಲು ಬಿದ್ದುಹೋಗಿ ಕಿಂಡಿಯಾಗಿತ್ತು. ಕೋಳಿಗಳು ಆ ಕಿಂಡಿಯಲ್ಲಿ ಓಡಾಡುತ್ತಿದ್ದವು, ನಾವು ಗೋಡೆಯ ಮೇಲಿಂದ ಮಾತಾಡುತ್ತಿದ್ದೆವು.

ಆಕೆ ಕೃಷ್ಣೆಯ ದಂಡೆಯ ಗೂಗಲ್ಲಿನವಳು. ತವರಿನವರು ಕುರಿ ಕಾಯುವವರು. ಹುಣ್ಣು, ಗಾಯ, ಹುಳ ಬಿದ್ದ ಗೊರಸು ಇವನ್ನೆಲ್ಲ ಚಿಕ್ಕಂದಿನಿಂದ ನೋಡಿ ಬೆಳೆದವಳು. ಗಂಡ ತೀರಿ ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ರೇಣುಕಾ, ಮಾನ್ವಿಗೆ ಕೊಟ್ಟಿದ್ದರು. ಹತ್ತಿ ಬಿಡಿಸುವ ಕಾಲದಲ್ಲಿ ನಿಂಗವ್ವ ಕೂಲಿಗೆ ಹೋಗುತ್ತಿದ್ದಳು. ಉಳಿದಂತೆ ಕೋಳಿಗಳ ಹಿಂದೆಯೇ ಇರುತ್ತಿದ್ದಳು.

ಅವಳ ಚಿಕಿತ್ಸೆಯನ್ನು ನಾನು ಮೊದಲು ನೋಡಿದ್ದು ನಾವು ಮನೆ ಹೊಕ್ಕ ವಾರದಲ್ಲಿ. ಯಾರದೋ ಹುಂಜ, ಜಗಳದಲ್ಲಿ ಎದೆ ಹರಿದುಕೊಂಡಿತ್ತು. ಅದರ ಕಾಲುಗಳನ್ನು ಬಲಗೈಯಲ್ಲಿ ಹಿಡಿದು ಕಂಕುಳಲ್ಲಿ ಇರುಕಿಕೊಂಡಳು. ಸೆರಗನ್ನು ಅದರ ತಲೆಯ ಮೇಲೆ ಎಳೆದಳು. ಅಲ್ಲಿಯವರೆಗೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಹುಂಜ ಸುಮ್ಮನಾಯಿತು. ಉಪ್ಪು ಹಾಕಿ ಕಾಯಿಸಿ ಆರಿಸಿದ ನೀರಿನಿಂದ ಗಾಯ ತೊಳೆದಳು. ಸುತ್ತಲಿನ ಪುಕ್ಕವನ್ನು ಕತ್ತರಿಯಿಂದ ಕತ್ತರಿಸಿದಳು, ಕೀಳಲಿಲ್ಲ. ಅಲ್ಲಿಯವರೆಗೆ ನನಗೆ ಆಕ್ಷೇಪ ಇರಲಿಲ್ಲ. ಆಮೇಲೆ ಬರಿಯ ಬೆರಳನ್ನು ಔಷಧಿಯಲ್ಲಿ ಅದ್ದಿ ನೇರವಾಗಿ ಗಾಯಕ್ಕೆ ಇಟ್ಟಳು.

"ನಿಂಗವ್ವಾ, ಹತ್ತಿ ಇಲ್ಲೇನವ್ವಾ? ನಾ ಕೊಡ್ತೀನಿ ತಗೋ" ಎಂದೆ.

"ಹತ್ತಿ ಬಿಡಿಸಿ ಬಿಡಿಸಿ ಸಾಕಾಗ್ಯದ್ರಿ" ಎಂದಳು. ಕೈ ನಿಲ್ಲಿಸಲಿಲ್ಲ. "ಹತ್ತಿಗಿ ಏನು ತಿಳೀತದ? ಒಳಗ ಬಿಸಿ ಅದಾನೋ, ಕೀವು ಅದಾನೋ, ಹತ್ತಿ ಹೇಳ್ತದೇನು? ಬೆರಳು ಹೇಳ್ತದ."

ಮೂವತ್ತು ವರ್ಷ ಬೇರೆಯವರಿಗೆ ಕಲಿಸಿದ್ದಕ್ಕೆ ಇದು ಪೂರ್ತಿ ವಿರುದ್ಧ. ಹಾಗೆಂದು ಹೇಳಿಯೂ ಹೇಳಿದೆ. ಆಕೆ ಕೇಳಿಸಿಕೊಂಡಳು. ಮರುದಿನವೂ ಬೆರಳನ್ನೇ ಅದ್ದಿದಳು. ಆದರೆ ನನ್ನ ಮಾತಿನಲ್ಲಿ ಒಂದನ್ನು ಒಪ್ಪಿಕೊಂಡಳು: ಮುಟ್ಟುವ ಮೊದಲು, ಮುಟ್ಟಿದ ಮೇಲೆ ಸಬ್ಬು ಹಚ್ಚಿ ಕೈ ತೊಳೆಯುವುದು. ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಗೋಡೆಯ ಮೇಲೆ ಸಬ್ಬಿನ ತುಂಡು ಇಟ್ಟುಕೊಂಡು, ನಾನು ಕಾಣಿಸಿದರೆ ಸಾಕು, "ತೊಳದೀನ್ರೀ" ಎನ್ನುತ್ತಿದ್ದಳು, ಶಾಲೆಯ ಹುಡುಗಿ ಹಾಜರಿ ಹೇಳಿದಂತೆ.

ಕೋಳಿ ತಂದವರೊಡನೆ ಅವಳ ಮಾತು ಕಟ್ಟುನಿಟ್ಟು. ಮೊದಲು ಗಾಯ ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದಳು. ಕಣ್ಣು ತಾನೇ ಮುಚ್ಚಿಕೊಳ್ಳುತ್ತಿದ್ದರೆ, "ಇದನ್ನ ಇವತ್ತಽ ಸಾರಿಗಿ ಹಾಕಿಬಿಡು. ನಾಳಿಗಿ ಅದಕ್ಕೂ ಬರಂಗಿಲ್ಲ" ಎಂದು ವಾಪಸು ಕೊಡುತ್ತಿದ್ದಳು. ಕೋಳಿ ತಿನ್ನುವುದರಲ್ಲಿ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ಆದರೆ ತಾನು ಔಷಧ ಹಚ್ಚಿದ ಕೋಳಿಯನ್ನು ಮಾತ್ರ ತಿನ್ನುತ್ತಿರಲಿಲ್ಲ. ವಾಸಿಯಾದ ಹುಂಜವನ್ನು ಒಮ್ಮೆ ಅದರ ಒಡತಿ ಸಾರು ಮಾಡಿ ಬಟ್ಟಲು ತುಂಬ ತಂದುಕೊಟ್ಟಳು. ನಿಂಗವ್ವ ಬಟ್ಟಲನ್ನು ಹಾಗೇ ಹಿಂದಿರುಗಿಸಿದಳು. ಕಾರಣ ಕೇಳಿದ್ದಕ್ಕೆ ನನಗೇ ಪ್ರಶ್ನೆ ಹಾಕಿದಳು:

"ನೀವು ನಿಮ್ಮ ಪೇಷಂಟನ್ನ ತಿಂತೀರೇನು?"

ರೇಣುಕಾಗೆ ಎರಡು ಸಲ ಗರ್ಭ ನಿಂತು ಇಳಿದುಹೋಗಿತ್ತು. ಮೂರನೆಯ ಸಲ ಏಳು ತಿಂಗಳು ತುಂಬಿದಾಗ ನಿಂಗವ್ವ ತನ್ನ ಒಂದು ಕೋಳಿಯನ್ನು ದೇವಿಗೆ ಬಿಟ್ಟಳು. ಗೂಗಲ್ಲಿನ ಹೊಲದಂಚಿನಲ್ಲಿ ಬೇವಿನ ಮರದಡಿ ಅವರ ಮನೆತನದ ದ್ಯಾವಮ್ಮ ಇದ್ದಾಳೆ. ಅವಳ ಹೆಸರು ಹೇಳಿ ಕೋಳಿಗೆ ಅರಿಸಿನದ ನೀರು ಚಿಮುಕಿಸಿ, ಎಡಗಾಲಿಗೆ ಹಸಿರು ದಾರ ಕಟ್ಟಿದಳು. ಆ ಕೋಳಿ ಪೂರ್ತಿ ಕಪ್ಪು, ಒಂದು ಗರಿಯೂ ಬೇರೆ ಬಣ್ಣದ್ದಿಲ್ಲ. ಅದನ್ನು 'ಕರಿದು' ಎನ್ನುತ್ತಿದ್ದಳು.

ಹೀಗೆ ಬಿಟ್ಟ ಕೋಳಿಗೆ ನಿಯಮಗಳಿವೆ. ಅದನ್ನು ಮಾರುವಂತಿಲ್ಲ. ಬದಲಿಸಿ ಇನ್ನೊಂದನ್ನು ಕೊಡುವಂತಿಲ್ಲ. ಬಿಟ್ಟ ಮನೆಯವರು ಅದರ ಮೊಟ್ಟೆಯನ್ನು ತಿನ್ನುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಊನ ಇರಕೂಡದು. ಬಾಣಂತಿ ಕೂಸು ಎತ್ತಿಕೊಂಡು ನಡೆದಾಡುವ ತನಕ ಅದು ಸುದ್ದ ಇರಬೇಕು. ಆಮೇಲೆ ದೇವಿಗೆ ಒಪ್ಪಿಸುವುದು.

"ಕೋಳಿ ಸುದ್ದ ಇದ್ರ ಮಗಳು ಸುದ್ದ" ಎಂದಳು ನಿಂಗವ್ವ.

ಕಬ್ಬಿಣದ ಗುಳಿಗೆ, ತಿಂಗಳ ತಪಾಸಣೆ, ಆಸ್ಪತ್ರೆಯಲ್ಲೇ ಹೆರಿಗೆ, ಇವುಗಳಿಂದ ಮಗಳು ಸುದ್ದ ಎಂದು ನಾನು ಹೇಳಿದೆ.

"ಅದೂ ಮಾಡಾಕತ್ತಾಳ್ರೀ. ಇದೂ ಇರ್ಲಿ. ನಿಮ್ಮ ಗುಳಿಗಿಗಿ ಇದೇನು ಅಡ್ಡ ಬರ್ತದೇನು?"

ಅಡ್ಡ ಬರುವುದಿಲ್ಲ ಎಂದು ಒಪ್ಪಿಕೊಂಡೆ.

ದಿನ ತುಂಬಿದಾಗ ನಿಂಗವ್ವ ಮಾನ್ವಿಗೆ ಹೊರಟಳು. ಹನ್ನೊಂದು ಕೋಳಿಗಳನ್ನು ನನಗೆ ವಹಿಸಿದಳು. ಬೆಳಿಗ್ಗೆ ಜೋಳದ ನುಚ್ಚು, ಮಣ್ಣಿನ ತಟ್ಟೆಯಲ್ಲಿ ನೀರು, ಸಂಜೆ ಗೂಡಿನ ಬಾಗಿಲು. ನಾನು ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡೆ. ಬಸ್ಸಿಗೆ ಹೊತ್ತಾಗಿದ್ದರೂ ಆಕೆ ಓಣಿಯ ತಿರುವಿನಿಂದ ಮರಳಿ ಬಂದು ಒಂದು ಮಾತು ಸೇರಿಸಿದಳು:

"ಸಿಸ್ಟರಮ್ಮಾ, ಎಣಿಸಿ ಮುಚ್ಚಬ್ಯಾಡ್ರಿ. ಕರದು ಮುಚ್ಚಿರಿ. ಕರಿದು ಎಲ್ಲಾಕ್ಕಿಂತ ಕಡೀಗಿ ಬರ್ತದ. ಕರದ್ರ ಬರ್ತದ."

ಇದನ್ನು ನಾನು ಬರೆದುಕೊಳ್ಳಲಿಲ್ಲ. ಎಣಿಸುವುದಕ್ಕಿಂತ ಕರೆಯುವುದು ಹೇಗೆ ಹೆಚ್ಚು ಖಾತ್ರಿ ಎಂದು ನನಗೆ ಹೊಳೆಯಲಿಲ್ಲ. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹಾಸಿಗೆಗಳನ್ನು ಎಣಿಸುತ್ತೇವೆ. ರೋಗಿಗಳನ್ನು ಕೂಗಿ ಕರೆಯುವುದಿಲ್ಲ.

ಮೂರನೆಯ ಸಂಜೆ ಆರು ಗಂಟೆಗೆ ಗೂಡಿನೊಳಗೆ ಬಗ್ಗಿ ನೋಡಿದೆ. ಒಳಗೆ ಮಬ್ಬು. ಬೆನ್ನುಗಳನ್ನು ಎಣಿಸಿದೆ. ಹನ್ನೊಂದು. ಬಾಗಿಲು ಹಾಕಿ ಅಗುಳಿ ಸಿಕ್ಕಿಸಿ ಬಂದೆ. ಹಿಂದಿನ ಓಣಿಯ ಯಾರದೋ ಕೋಳಿ ಒಂದು ಒಳಗೆ ಸೇರಿ ಕುಳಿತಿತ್ತು. ಕರಿದು ಇನ್ನೂ ಗೋಡೆಯಾಚೆ ಕೆದಕುತ್ತಿತ್ತು.

ಕಾಲು ಗಂಟೆಯೂ ಆಗಿರಲಿಲ್ಲ, ಹಿತ್ತಲಿನಲ್ಲಿ ಗದ್ದಲ ಕೇಳಿತು. ಮುಚ್ಚಿದ ಗೂಡಿನ ಮುಂದೆಯೇ ನಾಯಿ ಕರಿದನ್ನು ಹಿಡಿದಿತ್ತು. ಯಜಮಾನರ ಊರುಗೋಲು ಬೀಸಿದ್ದಕ್ಕೆ ಬಿಟ್ಟು ಓಡಿತು. ಕೋಳಿಯನ್ನು ಎತ್ತಿಕೊಂಡೆ. ಬೆನ್ನಿನ ಚರ್ಮ ಹರಿದಿತ್ತು. ಬಲಗಾಲಿನ ಹೊರಬೆರಳು ಒಂದು ಎಳೆ ಚರ್ಮದಲ್ಲಿ ನೇತಾಡುತ್ತಿತ್ತು. ಕಣ್ಣು ನೋಡಿದೆ. ತೆರೆದೇ ಇತ್ತು.

ಬಟ್ಟೆ ಒಗೆಯುವ ಕಲ್ಲನ್ನು ತೊಳೆದು ಅದರ ಮೇಲೆ ಹಳೆಯ ಪಂಚೆ ಹಾಸಿದೆ. ನೀರು ಕುದಿಸಿ ಆರಿಸಿದೆ. ಕತ್ತರಿ ಕುದಿಸಿದೆ. ಸೆರಗನ್ನು ಅದರ ತಲೆಯ ಮೇಲೆ ಎಳೆದೆ, ಸುಮ್ಮನಾಯಿತು. ಗಾಯ ತೊಳೆದು, ಪುಕ್ಕ ಕತ್ತರಿಸಿ, ನೇತಾಡುವ ಬೆರಳನ್ನು ತೆಗೆದುಹಾಕಿದೆ. ಸತ್ತ ಭಾಗವನ್ನು ಉಳಿಸಿಕೊಂಡರೆ ಉಳಿದದ್ದೂ ಕೆಡುತ್ತದೆ. ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ ಎಂದು ಆಗ ಅನ್ನಿಸಿತ್ತು. ಕಪಾಟಿನಲ್ಲಿದ್ದ ಕೆಂಪು ಔಷಧಿಯನ್ನು ಧಾರಾಳವಾಗಿ ಹಚ್ಚಿ ಪಟ್ಟಿ ಕಟ್ಟಿದೆ. ಪಟ್ಟಿ ಅಚ್ಚುಕಟ್ಟಾಗಿ ಕುಳಿತಿತ್ತು.

"ಆಸ್ಪತ್ರಿ ಮುಗೀತು ಅನ್ಕೊಂಡಿದ್ನಿ" ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. "ಹಿತ್ತಲಾಗ ಶುರು ಆತು."

ಕರಿದನ್ನು ಗೂಡಿನಲ್ಲಿ ಉಳಿದವುಗಳ ಜೊತೆ ಬಿಟ್ಟು ಬಾಗಿಲು ಹಾಕಿದೆ.

ಬೆಳಿಗ್ಗೆ ಬಾಗಿಲು ತೆಗೆದಾಗ ಪಟ್ಟಿ ನೆಲದ ಮೇಲೆ ಚೂರು ಚೂರಾಗಿ ಬಿದ್ದಿತ್ತು. ಉಳಿದ ಕೋಳಿಗಳು ಕರಿದಿನ ಬೆನ್ನನ್ನು ಕುಕ್ಕಿ ಗಾಯವನ್ನು ಎರಡರಷ್ಟು ಮಾಡಿದ್ದವು. ಅದು ಮೂಲೆಗೆ ಮುಖ ಮಾಡಿ ಕುಳಿತಿತ್ತು. ನಾನು ಮಾಡಿದ್ದೆಲ್ಲ ಸರಿಯಾಗಿತ್ತು, ಆದರೂ ಹೀಗಾಗಿತ್ತು. ಏನು ತಪ್ಪಿದೆ ಎಂದು ನನಗೆ ತಿಳಿಯಲಿಲ್ಲ. ತಿಳಿದವಳು ಮಾನ್ವಿಯಲ್ಲಿದ್ದಳು.

ಫೋನ್ ಮಾಡಿದೆ. ರೇಣುಕಾಗೆ ನಸುಕಿನಲ್ಲೇ ನೋವು ಶುರುವಾಗಿ, ಆಸ್ಪತ್ರೆಗೆ ಸೇರಿಸಿದ್ದರು. ನಿಂಗವ್ವ ಅವಳ ಪಕ್ಕದಲ್ಲೇ ಇದ್ದಳು. ಹಿಂದೆ ಹೆಂಗಸರ ಮಾತು, ಬಕೆಟ್ಟಿನ ಸದ್ದು ಕೇಳಿಸುತ್ತಿತ್ತು. ಆ ಕೋಣೆಗಳ ಸದ್ದು ನನಗೆ ಹೊಸದಲ್ಲ. ಹೆರಿಗೆಯ ಹೊತ್ತಿನಲ್ಲಿ ಮನೆಯವರಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದನ್ನು ಕಿರಿಯ ನರ್ಸುಗಳಿಗೆ ಹೇಳಿಕೊಟ್ಟವಳೂ ನಾನೇ. ಸುತ್ತುಬಳಸಿ ಕೇಳಿದೆ.

"ನಿಂಗವ್ವಾ, ಕೋಳಿಗಿ ಗಾಯಾಗಿ ಔಷಧ ಹಚ್ಚಿದ್ರ ಉಳಿದ ಕೋಳಿ ಯಾಕ ಕುಕ್ತಾವ?"

"ಯಾವ ಔಷಧ ಹಚ್ಚೀರಿ?"

"ಕೆಂಪು ಔಷಧ."

"ಅಯ್ಯ ನಮ್ಮವ್ವಾ! ಕೆಂಪು ಕಂಡ್ರ ಕೋಳಿ ಬಿಡ್ತಾವೇನ್ರೀ? ರಕ್ತ ಅನ್ಕೋತಾವ. ಅದಕ್ಕಽ ನೀಲಿ ಹಚ್ಚೋದು. ಇಷ್ಟು ದಿನ ಗ್ವಾಡಿ ಮ್ಯಾಲಿಂದ ಏನು ನೋಡಿದ್ರಿ?"

ಆಮೇಲೆ ಕೇಳಿದಳು: "ಯಾವ ಕೋಳಿರೀ?"

"ಕರಿದು."

ನಾಯಿ ಹಿಡಿದದ್ದನ್ನು, ನಾನು ಎಣಿಸಿ ಬಾಗಿಲು ಹಾಕಿದ್ದನ್ನು ಹೇಳಿದೆ. ಅದನ್ನು ಮುಚ್ಚಿಡಲಿಲ್ಲ. ಆಕೆ ಬೈಯಲಿಲ್ಲ.

"ಕಣ್ಣು ಹ್ಯಾಂಗದ?"

"ತೆರದದ."

"ಬೆರಳೆಲ್ಲಾ ಅದಾವಿಲ್ಲೋ?"

ಕತ್ತರಿ ಇನ್ನೂ ಕಲ್ಲಿನ ಮೇಲೇ ಇತ್ತು. "ಅದಾವ" ಎಂದೆ.

ರೋಗಿಗಳ ವಿಷಯದಲ್ಲಿ ನಾನು ಸುಳ್ಳು ಹೇಳಿದ್ದು ಅದೊಂದೇ ಸಲ.

"ಹಂಗಾದ್ರ ಕೇಳ್ರಿ" ಎಂದು ಶುರು ಮಾಡಿದಳು. ಕರಿದನ್ನು ಬೇರೆ ಇಡಬೇಕು. ಬುಟ್ಟಿ ಬೋರಲು ಹಾಕಿ, ಮೇಲೆ ಗೋಣಿ ಹೊದಿಸಿ, ಗಾಳಿಗೆ ಒಂದು ಬದಿ ಬಿಡಬೇಕು. ಕೆಂಪು ಹೋಗುವ ತನಕ ಉಪ್ಪುನೀರಿನಲ್ಲಿ ತೊಳೆಯಬೇಕು. ನೀಲಿ ಸೀಸೆ ಒಲೆಯ ಹಿಂದಿನ ಗೋಡೆಯ ಮಾಡದಲ್ಲಿದೆ; ಮನೆಯ ಬೀಗದ ಕೈಯನ್ನು ನನಗೇ ಕೊಟ್ಟು ಹೋಗಿದ್ದಳು. ನೊಣ ಕೂರದಂತೆ ಗಾಯದ ಸುತ್ತ ಬೇವಿನ ಎಣ್ಣೆ, ಗಾಯದೊಳಗೆ ಅಲ್ಲ. ಪಟ್ಟಿ ಬೇಡ. ನುಚ್ಚನ್ನು ನೆನೆಸಿ ಕೊಡಬೇಕು.

"ಮತ್ತ ಹತ್ತಿ ಬ್ಯಾಡ್ರಿ" ಎಂದಳು. "ಬೆರಳಽ ಹಚ್ಚಿರಿ. ಬಿಸಿ ಅದಾನೋ ಇಲ್ಲೋ ನನಗ ಹೇಳಬೇಕು ನೀವು."

ಅಷ್ಟರಲ್ಲಿ ಯಾರೋ ಅವಳನ್ನು ಕೂಗಿದರು. ಫೋನ್ ನಿಂತಿತು.

ಕೈ ತೊಳೆದುಕೊಂಡು, ಬರಿಯ ಬೆರಳನ್ನು ನೀಲಿಯಲ್ಲಿ ಅದ್ದಿ ಗಾಯಕ್ಕೆ ಇಟ್ಟೆ. ಅಂಚು ಬಿಸಿ ಇತ್ತು. ನಡುವೆ ಇರಲಿಲ್ಲ. ಕೈಗವಸು ಹಾಕಿದ್ದರೆ ಈ ವ್ಯತ್ಯಾಸ ನನಗೆ ತಿಳಿಯುತ್ತಿರಲಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ. ಮನುಷ್ಯರ ಗಾಯಕ್ಕೆ ಹೀಗೆ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬಂತು. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಕ್ಷೇಮ. ತೂಕ ಎಷ್ಟು, ರಕ್ತಸ್ರಾವ ಹೇಗಿದೆ, ಹಾಲು ಕುಡಿಸಿದರೋ ಎಂದು ನಾನು ಕೇಳಿದೆ. ನಿಂಗವ್ವ ಎಲ್ಲಕ್ಕೂ ಉತ್ತರ ಕೊಟ್ಟು, "ಕರಿದು ನೀರು ಕುಡೀತೇನ್ರೀ?" ಎಂದಳು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಎಂಟಕ್ಕೆ ಇದೇ ಮಾತು. ನಾನು ಬಾಣಂತಿಯ ವರದಿ ಕೇಳುವುದು, ಆಕೆ ಕೋಳಿಯ ವರದಿ ಕೇಳುವುದು. ಅಲ್ಲಿ ಹೊಲಿಗೆ ಒಣಗುತ್ತಿತ್ತು, ಇಲ್ಲಿ ಬೆನ್ನಿನ ಗಾಯ ಹಕ್ಕಳೆಗಟ್ಟುತ್ತಿತ್ತು. ಅಲ್ಲಿ ಕೂಸು ರಾತ್ರಿಯೆಲ್ಲ ಅಳುತ್ತಿತ್ತು, ಇಲ್ಲಿ ಕರಿದು ಬುಟ್ಟಿಯೊಳಗಿಂದ ಬಯ್ಯಲು ಶುರು ಮಾಡಿತ್ತು. "ಬಯ್ಯಾಕತ್ತದ ಅಂದ್ರ ಬದುಕಿತು ಬಿಡ್ರಿ" ಎಂದಳು ನಿಂಗವ್ವ. ಬೆರಳಿನ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಪ್ರತಿ ಬೆಳಿಗ್ಗೆ ಹೇಳಬೇಕು ಎಂದುಕೊಂಡು, ಪ್ರತಿ ಬೆಳಿಗ್ಗೆ ಬಿಟ್ಟೆ. ಬಾಣಂತಿ ಇನ್ನೂ ಎದ್ದಿಲ್ಲ ಎಂಬುದು ನನಗೆ ನಾನು ಕೊಟ್ಟುಕೊಂಡ ಕಾರಣ.

ಮೂರು ವಾರದ ಮೇಲೆ ಬಸ್ಸಿಳಿದು ಬಂದಳು. ಚೀಲವನ್ನು ಕಟ್ಟೆಯ ಮೇಲೆ ಇಟ್ಟು, ಕಾಲು ತೊಳೆದು, ಸೀದಾ ಬುಟ್ಟಿಯ ಹತ್ತಿರ ಹೋದಳು. ಕರಿದನ್ನು ಎತ್ತಿ ಕಂಕುಳಿಗೆ ಸೇರಿಸಿದಳು. ಬೆನ್ನಿನ ಗಾಯ ಕೂಡಿಕೊಂಡು ಹೊಸ ಪುಕ್ಕ ಮುಳ್ಳಿನಂತೆ ಮೊಳೆಯುತ್ತಿತ್ತು. ಅದರ ಮೇಲೆ ಬೆರಳು ಆಡಿಸಿ ತಲೆಯಾಡಿಸಿದಳು. ಆಮೇಲೆ ಎಡಗಾಲು ಹಿಡಿದು ನೋಡಿದಳು. ಬಲಗಾಲು ಹಿಡಿದಳು.

"ನಾ ಕತ್ತರಿಸೀನಿ ನಿಂಗವ್ವಾ" ಎಂದೆ. "ನೇತಾಡಾಕತ್ತಿತ್ತು. ಫೋನಿನ್ಯಾಗ ಸುಳ್ಳು ಹೇಳಿದ್ನಿ."

"ಗೊತ್ತದ್ರಿ."

"ಯಾರು ಹೇಳಿದ್ರು?"

"ನೀವಽ ಹೇಳಿದ್ರಿ. ಏನು ಕೇಳಿದ್ರೂ ಠಕ್ ಅಂತ ಹೇಳೋರು ನೀವು. ಬೆರಳು ಅದಾವೇನು ಅಂದ್ರ ಉಸುರು ಹಿಡದು ಹೇಳಿದ್ರಿ. ಅವಾಗಽ ತಿಳೀತು, ಒಂದು ಹೋಗ್ಯದ ಅಂತ."

"ಮತ್ತ ಯಾಕ ಸುಮ್ಮನಿದ್ದಿ?"

ಕೋಳಿಯ ಕಾಲನ್ನು ಇನ್ನೂ ಹಿಡಿದೇ ಇದ್ದಳು. "ಮಗಳ ಕೈ ನನ್ನ ಕೈಯಾಗಿತ್ರೀ. ನಾ ನಡುಗಿದ್ರ ಆಕಿಗಿ ತಿಳೀತಿತ್ತು."

ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಆ ವಾರದಲ್ಲೇ ಆಕೆ ಗೂಗಲ್ಲಿಗೆ ಹೋದಳು, ಕೋಳಿಯಿಲ್ಲದೆ, ಕಾಯಿ, ನಿಂಬೆಹಣ್ಣು ಹಿಡಿದುಕೊಂಡು. ಬೆರಳಿಲ್ಲದ ಕೋಳಿ ದೇವಿಗೆ ನಡೆಯುವುದಿಲ್ಲ. ಬಿಟ್ಟದ್ದನ್ನು ಬದಲಿಸುವಂತೆಯೂ ಇಲ್ಲ. ಹೀಗೆ ಸಿಕ್ಕಿಕೊಂಡವರು ದೇವಿಯನ್ನೇ ಕೇಳುತ್ತಾರೆ. ದೇವಿಯ ಕಲ್ಲಿನ ತಲೆಯ ಮೇಲೆ ಹೂ ಇಟ್ಟು ಕಾಯುವುದು. ಬಲಕ್ಕೆ ಬಿದ್ದರೆ ಒಪ್ಪಿಗೆ.

"ನಾಯಿ ಬಾಯಾಗ ನಿನ್ನ ಪಾಲು ನೀ ತಗೊಂಡೀಯವ್ವಾ, ಸಾಕಾತಿಲ್ಲೋ ಅಂತ ಕೇಳಿದ್ನಿ" ಎಂದು ಮರಳಿ ಬಂದು ಗೋಡೆಯ ಮೇಲಿಂದ ಹೇಳಿದಳು. "ಬಾಳ ಹೊತ್ತು ಕುಂದ್ರಿಸಿದಳ್ರೀ. ಬಿಸಿಲು ನೆತ್ತಿಗಿ ಬಂತು. ಆಮ್ಯಾಲ ಬಲಗಡಿ ಬಿತ್ತು."

"ಗಾಳಿ ಬಂದಿತ್ತೇನು?" ಎಂದೆ.

"ಬಂದಿತ್ರೀ. ಗಾಳಿ ಯಾರದು?"

ದೇವಿ ಬಿಟ್ಟುಕೊಟ್ಟ ಕೋಳಿ ಅವಳ ಮನೆಗೂ ಸಲ್ಲುವುದಿಲ್ಲ. ಹಸಿರು ದಾರ ಬಿಚ್ಚಿ, ಕಿಂಡಿಯ ಮೂಲಕ ಕರಿದನ್ನು ನಮ್ಮ ಕಡೆ ದೂಡಿದಳು. "ತಗೋರಿ. ಇದು ನಿಮ್ಮ ಪೇಷಂಟ್" ಎಂದಳು. ಹೀಗೆ ನಿವೃತ್ತಿಯ ನಂತರ ನನಗೆ ಒಂದು ಕೋಳಿಯಾಯಿತು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಗೋಡೆಯ ಮೇಲಿಂದ ನೋಡಿದಾಗ ಅವಳ ಕಲ್ಲುಹಾಸಿನ ಮೇಲೆ ಕಲೆಗಳ ಸಾಲು ಕಾಣಿಸಿತು. ಹೆಜ್ಜೆಗೊಂದು. ನಿಂಗವ್ವ ಬರಿಗಾಲಿನಲ್ಲಿ ನುಚ್ಚು ಚೆಲ್ಲುತ್ತ ಓಡಾಡುತ್ತಿದ್ದಳು. ಗೋಡೆ ಸುತ್ತಿ ಹೋಗಿ ಕಾಲು ಎತ್ತಿಸಿದೆ. ಬಲಗಾಲಿನ ಕಿರುಬೆರಳಿನ ಬುಡದಲ್ಲಿ ಜಾಲಿಮುಳ್ಳು ಮುರಿದು, ಎಷ್ಟು ದಿನವಾಗಿತ್ತೋ, ಸುತ್ತಲೂ ಕಪ್ಪಾಗಿತ್ತು. ಅದರ ಮೇಲೆ ನೀಲಿ ಔಷಧಿ ಬಳಿದಿತ್ತು.

"ನೀ ಏನು ಕೋಳಿಯಾ?" ಎಂದು ಬೈದೆ.

"ಕೋಳಿಕಿಂತ ನಾ ಏನು ದೊಡ್ಡಾಕ್ಯಾ?"

"ನೋವು ಆಗಲಿಲ್ಲೇನು?"

"ಇಲ್ರೀ. ಅದಕ್ಕಽ ಸಣ್ಣದು ಅನ್ಕೊಂಡ್ನಿ."

ಕೋಳಿಯ ಗಾಯದ ಬಿಸಿಯನ್ನು ಬೆರಳ ತುದಿಯಲ್ಲಿ ಅಳೆಯುತ್ತಿದ್ದವಳ ಕಾಲಿಗೆ ಮುಳ್ಳು ನೆಟ್ಟದ್ದು ತಿಳಿದಿರಲಿಲ್ಲ. ಅಂದೇ ರಕ್ತ ಪರೀಕ್ಷೆ ಮಾಡಿಸಿದೆ. ಯಂತ್ರ ತೋರಿಸಬಹುದಾದಷ್ಟೂ ಸಕ್ಕರೆ ಇತ್ತು. ಗೋಡೆಯಾಚೆ ಎರಡು ಹೊತ್ತು ಅವಳನ್ನು ನೋಡುತ್ತಿದ್ದ ನಾನು ಅವಳ ಬಾಯಾರಿಕೆಯನ್ನು, ಸೊರಗಿದ ಮೈಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವಳ ಕೈಯನ್ನಷ್ಟೇ ನೋಡುತ್ತಿದ್ದೆ.

ಮರುದಿನ ಮೊದಲ ಬಸ್ಸಿಗೆ ರಾಯಚೂರಿಗೆ ಕರೆದುಕೊಂಡು ಹೋದೆ. ಗಬ್ಬೂರು ದಾಟುವ ತನಕ ಆಕೆ ಕೋಳಿಗಳ ಬಗ್ಗೆಯೇ ಮಾತಾಡಿದಳು. ಯಜಮಾನರಿಗೆ ಎಲ್ಲ ಹೇಳಿ ಬಂದಿದ್ದಳು. "ಅವರು ಎಣಿಸಂಗಿಲ್ಲ ಬಿಡ್ರಿ, ಅದಽ ಚಲೋ" ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ನೋಡಿ, ಕಿರುಬೆರಳು ತೆಗೆಯಬೇಕಾಗಬಹುದು, ತಡಮಾಡಿದರೆ ಪಾದವೇ ಹೋದೀತು ಎಂದರು. ನಿಂಗವ್ವನಿಗೆ ಇದನ್ನು ಹೇಳಿದ್ದು ನಾನು. ಬೆರಳು ಉಳಿಯಬಹುದೇನೋ ನೋಡ್ರಿ ಎಂದು ಒಂದು ಸಲ ಕೇಳಿದಳು. ಮುಳ್ಳು ತೆಗೆದ ಮೇಲೆ ನೋಡುತ್ತಾರೆ ಎಂದೆ. ಆ ಮಾತು ಸುಳ್ಳಾಗಿರಲಿಲ್ಲ. ಡಾಕ್ಟರು ನೋಡಿದರು. ಉಳಿಯಲಿಲ್ಲ.

ಮಂಪರು ಇಳಿದು ಕಣ್ಣು ಬಿಟ್ಟಾಗ ಸಂಜೆ ನಾಲ್ಕು. ಕಾಲಿಗೆ ದಪ್ಪ ಪಟ್ಟಿ ಇತ್ತು, ಒಳಗೇನಿದೆ ಎಂದು ಕಾಣುತ್ತಿರಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತು ಅವಳ ಕೈ ಹಿಡಿದಿದ್ದೆ. ನಾಡಿ ನೋಡಲೆಂದು ಹಿಡಿದದ್ದು, ಬಿಟ್ಟಿರಲಿಲ್ಲ.

"ಸಿಸ್ಟರಮ್ಮಾ" ಎಂದಳು. "ಬೆರಳೆಲ್ಲಾ ಅದಾವಿಲ್ಲೋ?"

"ಇಲ್ಲ. ಒಂದು ಹೋಗ್ಯದ."

ನನ್ನ ಮುಖವನ್ನೇ ನೋಡಿದಳು. ಆಮೇಲೆ ಒಣಗಿದ ತುಟಿ ಸ್ವಲ್ಪ ಬಿಚ್ಚಿತು.

"ಹಂಗಾದ್ರ ನಾನೂ ಇನ್ನ ದೇ‍ವಿಗಿ ನಡಿಯಂಗಿಲ್ಲ ಬಿಡ್ರಿ" ಎಂದಳು.

ಪಕ್ಕದ ಹಾಸಿಗೆಯವರಿಗೆ ಇದು ಅರ್ಥವಾಗಲಿಲ್ಲ. ನಾನು ನಕ್ಕದ್ದನ್ನು ಕಂಡು ಡ್ಯೂಟಿಯಲ್ಲಿದ್ದ ನರ್ಸ್ ತಿರುಗಿ ನೋಡಿದಳು.

ಅದಾದ ಮೇಲೆ ರೇಣುಕಾ ತಾಯಿಯನ್ನು ಮಾನ್ವಿಗೆ ಕರೆದುಕೊಂಡು ಹೋದಳು. ದಿನಾ ಇಂಜೆಕ್ಷನ್, ಕಾಲಿನ ಆರೈಕೆ, ಒಬ್ಬಳಿಂದ ಆಗದು ಎಂದು ನಾನೇ ಹೇಳಿದ್ದೆ. ನಿಂಗವ್ವ ಕೋಳಿಗಳನ್ನು ಬೇಕೆಂದವರಿಗೆ ಕೊಟ್ಟಳು. ಯಾರಿಗೆ ಯಾವುದು ಎಂಬುದನ್ನು ತಾನೇ ನಿರ್ಧರಿಸಿದಳು. ಎರಡನ್ನು ಕರಿದಿನ ಜೊತೆಗೆಂದು ನನಗೆ ಬಿಟ್ಟಳು. ನೀಲಿ ಸೀಸೆಯನ್ನು ಗೋಡೆಯ ಮೇಲೆ, ಸಬ್ಬಿನ ತುಂಡಿನ ಪಕ್ಕ ಇಟ್ಟು ಹೋದಳು.

ಮಾನ್ವಿಗೆ ಹೋದಾಗಲೆಲ್ಲ ನೋಡಿ ಬರುತ್ತಿದ್ದೆ. ಮಗಳ ಮನೆ ಮೊದಲ ಮಹಡಿಯಲ್ಲಿ, ಮಣ್ಣಿನ ನೆಲವಿಲ್ಲ. ಮೊಮ್ಮಗಳು ಕೈ ಹಿಡಿದು ತನಗೆ ಬೇಕಾದ ಕಡೆ ಎಳೆಯುತ್ತಿದ್ದಳು, ನಿಂಗವ್ವ ಒಂದು ಬದಿಗೆ ವಾಲಿ ನಡೆಯುತ್ತಿದ್ದಳು. ಕಡೆಯ ಸಲ ಹೋದಾಗ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ತನಕ ಬಂದಳು. ಮನೆಯೊಳಗೂ ಚಪ್ಪಲಿ ಹಾಕಬೇಕೆಂಬುದು ನನ್ನ ಆಜ್ಞೆ.

"ಎಣಿಸಾಕತ್ತೀರೋ, ಕರಿಯಾಕತ್ತೀರೋ?" ಎಂದು ಕೇಳಿದಳು.

"ಎರಡೂ."

"ನಿಮ್ಮ ಚಟ ಬಿಡಂಗಿಲ್ಲ" ಎಂದಳು.

ಹೋದ ವರ್ಷ ಒಂದು ಬೆಳಿಗ್ಗೆ ರೇಣುಕಾ ಫೋನ್ ಮಾಡಿದಳು. ನಿಂಗವ್ವ ನಿದ್ದೆಯಲ್ಲೇ ಹೋಗಿದ್ದಳು. ನಾನು ತಲುಪಿದಾಗ ಕೆಳಗಿನ ಪಡಸಾಲೆಯಲ್ಲಿ ಮಲಗಿಸಿದ್ದರು. ಅಭ್ಯಾಸಬಲದಿಂದ ಎಡಗೈ ಎತ್ತಿ ನೋಡಿದೆ. ತೋರುಬೆರಳು ಉಳಿದ ಬೆರಳುಗಳ ಬಣ್ಣಕ್ಕೇ ಬಂದಿತ್ತು. ಉಗುರು ಸ್ವಚ್ಛವಾಗಿತ್ತು. ಒಂದು ಗಳಿಗೆ, ಬೇರೆ ಯಾರದೋ ಮನೆಗೆ ಬಂದೆನೇನೋ ಅನ್ನಿಸಿತು.

"ಇಲ್ಲಿ ಕೋಳಿ ಇರ್ಲಿಲ್ಲಲ್ರೀ" ಎಂದಳು ರೇಣುಕಾ, ನಾನು ಕೇಳದಿದ್ದರೂ.

ಕರಿದು ಈಗ ಮುದಿಯಾಗಿದೆ. ಮೊಟ್ಟೆ ಇಡುವುದು ನಿಲ್ಲಿಸಿ ಬಹಳ ದಿನವಾಯಿತು. ಮೂರು ಬೆರಳಿನ ಕಾಲನ್ನು ಹುಷಾರಾಗಿ ಊರಿ ನಡೆಯುತ್ತದೆ, ಇನ್ನೂ ಎಲ್ಲಕ್ಕಿಂತ ಕಡೆಗೇ ಬರುತ್ತದೆ. ಇರುವುದು ಮೂರೇ ಕೋಳಿ. ಎರಡು ಒಳಗೆ ಇರುತ್ತವೆ. ನಾನು ಅಗುಳಿ ಹಿಡಿದು ನಿಂತು, ಬಾ ಬಾ ಬಾ ಎಂದು ಕರೆಯುತ್ತೇನೆ. ಗಡಿಯಾರ ನೋಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡುತ್ತೇನೆ. ಆರು ದಾಟಿರುತ್ತದೆ. ಮತ್ತೆ ಕರೆಯುತ್ತೇನೆ.